ಕಿಣ್ವ ಇರುವ ಬಟ್ಟೆ ಲಿಕ್ವಿಡ್: ಸಾರಿನ ಕಲೆಗೆ ಸೈ, ರೇಷ್ಮೆಗೆ ಬೇಡವೇ ಬೇಡ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಹಾಸಿಗೆ ಹಿಡಿದ ಹಿರಿಯರ ಬಟ್ಟೆ ಒಗೆಯುವುದಿದ್ದರೆ, ಅಥವಾ ದಿನಾ ಅಡುಗೆಮನೆಯಲ್ಲೇ ಅರ್ಧ ದಿನ ಕಳೆಯುವವರಿದ್ದರೆ ಕಿಣ್ವ, ಅಂದರೆ ಎನ್‌ಜೈಮ್, ಇರುವ ಲಿಕ್ವಿಡ್ ತಗೊಳ್ಳಿ. ಹತ್ತಿ ಬಟ್ಟೆಗೆ, ಊಟದ ಕಲೆಗೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ. ಬಾಟಲಿ ಮೇಲೆ ಬರೆದಿರುವ ಮಾತುಗಳಿಗೆ ಮಾತ್ರ ಒಂದು ಅಂಕ ಕೊಡುವುದಕ್ಕೂ ಮನಸ್ಸಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬ್ರಾಂಡ್ ಹೆಸರು ಹಾಕುತ್ತಿಲ್ಲ. ಒಂದೆರಡು ವರ್ಷದಿಂದ ಆಫರ್ ನೋಡಿಕೊಂಡು ಬೇರೆ ಬೇರೆ ಕಂಪನಿಯದ್ದು ತಂದಿದ್ದೇನೆ. ಒಳಗಿರುವ ಸಾಮಾನು ಹೆಚ್ಚುಕಡಿಮೆ ಒಂದೇ. ಲೀಟರಿಗೆ ಇನ್ನೂರು ರೂಪಾಯಿ ಆಸುಪಾಸು. ಮಾಮೂಲಿ ಸೋಪಿನ ಪುಡಿಗಿಂತ ಜಾಸ್ತಿಯೇ. ಆ ಜಾಸ್ತಿ ದುಡ್ಡು ಯಾವುದಕ್ಕೆ ಹೋಗುತ್ತದೆ, ಅದನ್ನು ವಸೂಲು ಮಾಡಿಕೊಳ್ಳುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೋಪು ಏನು ಮಾಡುತ್ತದೆ? ಜಿಡ್ಡನ್ನು ಹಿಡಿದು ನೀರಿನ ಜೊತೆ ಎಳೆದುಕೊಂಡು ಹೋಗುತ್ತದೆ, ಅಷ್ಟೇ. ಜಿಡ್ಡು ಜಿಡ್ಡಾಗಿಯೇ ಇರುತ್ತದೆ. ಕಿಣ್ವದ ಕೆಲಸ ಬೇರೆ. ಅದು ಕಲೆಯನ್ನೇ ತುಂಡು ಮಾಡುತ್ತದೆ. ಮೊಟ್ಟೆ, ಹಾಲು, ರಕ್ತ, ಬೆವರು, ಇವುಗಳಲ್ಲಿರುವ ಪ್ರೋಟೀನು ಪೋಣಿಸಿದ ಮಣಿಸರದ ಹಾಗೆ ಉದ್ದಕ್ಕೆ ಇರುತ್ತದೆ. ಕಿಣ್ವ ಒಂದು ಕೊಂಡಿಯ ಹತ್ತಿರ ಹೋಗಿ ಕೂತು, ನೀರಿನ ಒಂದು ಅಣುವನ್ನು ಅಲ್ಲಿಗೆ ತರುತ್ತದೆ. ನೀರು ಎರಡು ಪಾಲಾಗಿ, ಒಂದು ಪಾಲು ಈ ತುದಿಗೆ, ಇನ್ನೊಂದು ಪಾಲು ಆ ತುದಿಗೆ ಅಂಟಿಕೊಳ್ಳುತ್ತದೆ. ಕೊಂಡಿ ಕಳಚಿತು. ಕಿಣ್ವ ಮುಂದಿನ ಕೊಂಡಿಗೆ ಹೊರಟಿತು. ತಾನು ಖರ್ಚಾಗುವುದಿಲ್ಲ, ಹಾಗಾಗಿ ಚೂರೇ ಚೂರು ಇದ್ದರೂ ಸಾಕು. ಇಂಥ ಕಿಣ್ವಗಳಿಗೆ ಹೈಡ್ರೋಲೇಸ್ ಅನ್ನುತ್ತಾರೆ. ನಮ್ಮ ಹೊಟ್ಟೆಯಲ್ಲಿ ಅನ್ನ ಸಾರು ಕರಗಿಸುವುದೂ ಇದೇ ಜಾತಿಯವು. ಅಂದರೆ ಇಲ್ಲಿ ನೀರು ಕೊಳೆ ತೊಳೆದುಕೊಂಡು ಹೋಗುವುದಕ್ಕೆ ಮಾತ್ರ ಇರುವುದಲ್ಲ, ಕಲೆ ಕತ್ತರಿಸುವ ಕೆಲಸದಲ್ಲೂ ಅದಕ್ಕೆ ಪಾಲಿದೆ.

ಲಿಕ್ವಿಡ್ಡಿನಲ್ಲಿ ಸಾಮಾನ್ಯವಾಗಿ ಇರುವವರು ಯಾರು ಯಾರು ಅಂತ ಗೊತ್ತಿದ್ದರೆ ಯಾವ ಕಲೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ನೀವೇ ಹೇಳಬಹುದು. ಪ್ರೋಟಿಯೇಸ್ ಪ್ರೋಟೀನಿಗೆ. ಬಟ್ಟೆ ಲಿಕ್ವಿಡ್ಡಿನಲ್ಲಿ ಇರುವುದು ಬಹುಪಾಲು ಸಬ್ಟಿಲಿಸಿನ್, ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದಿಂದ ತೆಗೆಯುವಂಥದ್ದು. ಸೋಪಿನ ನೀರಿನ ಕ್ಷಾರಕ್ಕೆ ಇದು ಜಗ್ಗುವುದಿಲ್ಲ, ಅದಕ್ಕೇ ಇದನ್ನು ಆರಿಸಿಕೊಂಡಿದ್ದಾರೆ. ಅಮೈಲೇಸ್ ಪಿಷ್ಟಕ್ಕೆ, ಅಂದರೆ ಗಂಜಿ, ದೋಸೆಹಿಟ್ಟು, ಆಲೂಗಡ್ಡೆ ಪಲ್ಯ. ಲೈಪೇಸ್ ಎಣ್ಣೆ ತುಪ್ಪಕ್ಕೆ. ಸೆಲ್ಯುಲೇಸ್ ಹತ್ತಿ ನೂಲಿನ ಮೇಲೆ ಏಳುವ ಜುಂಗನ್ನು ಕತ್ತರಿಸುತ್ತದೆ, ಅದರಿಂದ ಹಳೇ ಅಂಗಿಯ ಬಣ್ಣ ಮತ್ತೆ ಎದ್ದು ಕಾಣುತ್ತದೆ. ಇನ್ನೊಂದು ಮ್ಯಾನನೇಸ್. ಇದು ನನಗೆ ತುಂಬಾ ಇಷ್ಟವಾದದ್ದು. ಐಸ್‌ಕ್ರೀಮು, ಸಾಸು ಗಟ್ಟಿಯಾಗಿರಲಿ ಅಂತ ಅದರಲ್ಲಿ ಗೌರ್ ಗಮ್ ಹಾಕುತ್ತಾರಲ್ಲ, ಅದು ಬರುವುದು ನಮ್ಮ ಗೋರಿಕಾಯಿಯ ಬೀಜದಿಂದ. ಉತ್ತರ ಕರ್ನಾಟಕದವರ ಚವಳಿಕಾಯಿ. ಆ ಅಂಟು ಬಟ್ಟೆಗೆ ಹತ್ತಿ ಒಣಗಿದರೆ ಬರೀ ಸೋಪಿಗೆ ಬಗ್ಗುವುದಿಲ್ಲ, ಮೇಲೆ ಧೂಳು ಬೇರೆ ಹಿಡಿಯುತ್ತದೆ. ಅದನ್ನು ತುಂಡು ಮಾಡುವುದಕ್ಕೆ ಮ್ಯಾನನೇಸೇ ಬೇಕು. ಕೆಲವು ಬಾಟಲಿಗಳಲ್ಲಿ ಪೆಕ್ಟೇಟ್ ಲೈಯೇಸ್ ಕೂಡ ಇರುತ್ತದೆ, ಹಣ್ಣಿನ ಕಲೆಗೆ. ಅದು ಮಾತ್ರ ಹೈಡ್ರೋಲೇಸ್ ಗುಂಪಿಗೆ ಸೇರಿದ್ದಲ್ಲ, ನೀರನ್ನು ಬಳಸದೆಯೇ ಕತ್ತರಿಸುತ್ತದೆ.

ಈಗ ಕೆಲಸ ಹೇಗಿದೆ ಅಂತ ನೋಡೋಣ.

ಮಗಳ ಬಿಳಿ ಯೂನಿಫಾರ್ಮ್ ಅಂಗಿ. ಎದೆ ಮೇಲೆ ಬೇಳೆ ಸಾರು, ಮೇಲಿಂದ ಒಂದು ತೊಟ್ಟು ತುಪ್ಪ, ತೋಳಿನ ತುದಿಯಲ್ಲಿ ಒರೆಸಿಕೊಂಡ ಮೊಸರನ್ನ. ಸಂಜೆ ಹೊತ್ತಿಗೆ ಒಣಗಿ ಗರಿಗರಿ ಆಗಿರುತ್ತದೆ. ಮೊದಲು ಉಗುರಿನಲ್ಲಿ ಕೆರೆದು ಉದುರಿಸಿ, ಕಲೆ ಮೇಲೆ ಅರ್ಧ ಚಮಚ ಲಿಕ್ವಿಡ್ ಹಾಗೇ ಹಾಕಿ ಬೆರಳಲ್ಲಿ ಸವರಿ ಹತ್ತು ನಿಮಿಷ ಬಿಡುತ್ತೇನೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸುತ್ತೇನೆ. ನೆನೆಸಿದ ಬಟ್ಟೆಯನ್ನು ಎತ್ತಿದಾಗ ಮೊಸರನ್ನದ ಜಾಗ ಬೆರಳಿಗೇ ಸಿಗುವುದಿಲ್ಲ. ಸಾರಿನ ಗಟ್ಟಿತನ ಹೋಗಿರುತ್ತದೆ, ತುಪ್ಪದ ಪಾರದರ್ಶಕ ವೃತ್ತ ಮಂಕಾಗಿರುತ್ತದೆ. ಆದರೆ ಒಂದು ತೆಳು ಹಳದಿ ಹಾಗೇ ಉಳಿದಿರುತ್ತದೆ. ಅದು ಅರಿಶಿನ.

ಅರಿಶಿನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಅಡುಗೆಮನೆಯ ಕಲೆ ಅಂದರೆ ಅರ್ಧ ಅರಿಶಿನವೇ. ಅದರ ಬಣ್ಣ ಕರ್ಕ್ಯುಮಿನ್. ಅದು ಪ್ರೋಟೀನೂ ಅಲ್ಲ, ಪಿಷ್ಟವೂ ಅಲ್ಲ, ಕೊಬ್ಬೂ ಅಲ್ಲ. ಈ ಕಿಣ್ವಗಳಲ್ಲಿ ಒಂದಕ್ಕೂ ಅದರ ಮೇಲೆ ಹಿಡಿತವಿಲ್ಲ. ಸೋಪು ತಾಗಿದ ತಕ್ಷಣ ಕೆಂಪಾಗುವುದು ಕಂಡು ಗಾಬರಿಯಾಗುವವರಿದ್ದಾರೆ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಸುಣ್ಣ ಹಾಕಿ ಕುಂಕುಮ ಮಾಡುವುದೂ ಹಾಗೇ ಅಲ್ವಾ. ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಇದಕ್ಕೆ ಮದ್ದು ಬಿಸಿಲು. ಕರ್ಕ್ಯುಮಿನ್ ಬಿಸಿಲಿಗೆ ಹಾಳಾಗುತ್ತದೆ. ಒದ್ದೆ ಅಂಗಿಯನ್ನು ಕಲೆ ಮೇಲೆ ಬರುವ ಹಾಗೆ ಮಧ್ಯಾಹ್ನದ ಬಿಸಿಲಿಗೆ ಹರಡಿ, ಸಂಜೆಗೆ ನೋಡಿ. ಕಿಣ್ವಕ್ಕೂ ಇಲ್ಲಿ ಒಂದು ಪಾಲಿದೆ. ಅರಿಶಿನವನ್ನು ನೂಲಿಗೆ ಅಂಟಿಸಿ ಹಿಡಿದಿರುವ ಎಣ್ಣೆ, ಬೇಳೆ ಗಂಜಿಯನ್ನು ಅದು ತೆಗೆದುಹಾಕಿದರೆ ಬಿಸಿಲಿಗೆ ಕೆಲಸ ಸುಲಭ. ಎರಡೂ ಬೇಕು. ಬಾಟಲಿಯ ಮೇಲಿನ ಚಿತ್ರದಲ್ಲಿ ಹಳದಿ ಕಲೆ ಒಂದೇ ಒಗೆತಕ್ಕೆ ಮಾಯವಾದ ಹಾಗೆ ತೋರಿಸುವುದು ಸರಿಯಲ್ಲ.

ಹಾಗೇ ಬಾಳೆಕಾಯಿಯ ಕಲೆ. ತೋಟದ ಮನೆಯವರಿಗೆ ಇದು ಗೊತ್ತು. ಬಾಳೆ ಸೊನೆ, ಅಡಿಕೆ ಚೊಗರು, ಗೇರುಹಣ್ಣಿನ ರಸ, ಇವು ಬಟ್ಟೆಗೆ ತಾಗಿ ಕಂದು ಬಣ್ಣಕ್ಕೆ ತಿರುಗಿದವೋ, ಯಾವ ಕಿಣ್ವವೂ ಅದನ್ನು ಬಿಡಿಸುವುದಿಲ್ಲ. ಅದು ಟ್ಯಾನಿನ್ ಥರದ ವಸ್ತುಗಳ ಬಣ್ಣ. ಕಾಫಿ ಟೀ ಕಲೆಯದ್ದೂ ಅದೇ ಕಥೆ, ಅದರಲ್ಲಿರುವ ಹಾಲಿನ ಭಾಗ ಹೋಗುತ್ತದೆ, ಕಂದು ಉಳಿಯುತ್ತದೆ. ಅಂಥವಕ್ಕೆ ಆಮ್ಲಜನಕ ಬಿಡುವ ಬ್ಲೀಚ್ ಬೇಕು. ಅದು ಕೆಲವು ಪುಡಿಗಳಲ್ಲಿ ಇರುತ್ತದೆ, ಲಿಕ್ವಿಡ್ಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಬ್ಲೀಚನ್ನು ಪ್ರತ್ಯೇಕವಾಗಿ ತಂದು ಹಾಕಿ. ಕ್ಲೋರಿನ್ ವಾಸನೆಯ ಬ್ಲೀಚನ್ನು ಮಾತ್ರ ಈ ಲಿಕ್ವಿಡ್ ಜೊತೆ ಹಾಕಬೇಡಿ, ಅದು ಮೊದಲು ಕಿಣ್ವವನ್ನೇ ಹಾಳು ಮಾಡುತ್ತದೆ.

ರಕ್ತದ ಕಲೆಯಲ್ಲಿ ಇದು ನಿಜವಾಗಿಯೂ ಗೆದ್ದಿದೆ. ತಿಂಗಳ ದಿನಗಳ ಬಟ್ಟೆ, ಮಕ್ಕಳ ಮೊಣಕಾಲು ತರಚಿ ಆದ ಕಲೆ, ದಿಂಬಿನ ಮೇಲೆ ಮೂಗಿನಿಂದ ಸುರಿದ ರಕ್ತ. ಒಂದೇ ಷರತ್ತು, ಬಿಸಿನೀರು ಬೇಡ. ಬಿಸಿನೀರು ಹಾಕಿದರೆ ಪ್ರೋಟೀನು ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ಎಷ್ಟು ಹೋಗುತ್ತದೋ ಅಷ್ಟು ಬಿಡಿಸಿ, ಆಮೇಲೆ ಲಿಕ್ವಿಡ್ ಹಾಕಿ ನೆನೆಸಿಡಿ. ಹಾಲು, ಮೊಟ್ಟೆ ಕಲೆಗೂ ಇದೇ ಕ್ರಮ.

ಕಾಲರಿನ ಕೊಳೆಯೂ ಚೆನ್ನಾಗಿ ಹೋಗುತ್ತದೆ. ಅದು ಬೆವರು, ಚರ್ಮದ ಜಿಡ್ಡು, ಸತ್ತ ಚರ್ಮದ ಹುಡಿ ಮೂರೂ ಸೇರಿದ್ದು. ಬ್ರಷ್ ಹಾಕಿ ತಿಕ್ಕಿ ತಿಕ್ಕಿ ಕಾಲರಿನ ಅಂಚೇ ಹರಿದು ಹೋಗುತ್ತಿತ್ತು. ಈಗ ಸುಮ್ನೆ ಸವರಿ ಬಿಟ್ಟರೆ ಸಾಕು, ಮೆತ್ತಗೆ ಒಂದು ಸಲ ಉಜ್ಜಿದರೆ ಬಿಡುತ್ತದೆ. ಬಟ್ಟೆಯ ಆಯಸ್ಸು ಜಾಸ್ತಿಯಾಗುವುದು ನಿಜ.

ತುಪ್ಪ ಬೆಣ್ಣೆಯ ಬಗ್ಗೆ ಒಂದು ಮಾತು. ಲೈಪೇಸ್ ಕೊಬ್ಬನ್ನು ಕತ್ತರಿಸಿದಾಗ ಕೊಬ್ಬಿನ ಆಮ್ಲಗಳು ಬಿಡುಗಡೆ ಆಗುತ್ತವೆ. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ಇದೆ, ಅದಕ್ಕೆ ಹಳಸಿದ ಬೆಣ್ಣೆಯ ಕೆಟ್ಟ ವಾಸನೆ. ಹಾಗಾಗಿ ತುಪ್ಪ ಬಿದ್ದ ಟವೆಲ್ಲನ್ನು ಲಿಕ್ವಿಡ್ಡಿನಲ್ಲಿ ನೆನೆಸಿ ಅರೆಬರೆ ಜಾಲಿಸಿ ಮಳೆಗಾಲದಲ್ಲಿ ಒಳಗೆ ಒಣಹಾಕಿದರೆ ಒಂಥರಾ ಕಮಟು ವಾಸನೆ ಬರುತ್ತದೆ. ಎರಡು ಸಲ ಚೆನ್ನಾಗಿ ಜಾಲಿಸಿ, ಗಾಳಿಗೆ ಹಾಕಿ. ಇನ್ನೊಂದು ವಿಷಯ, ಹಳೇ ಕಾಲದ ಲೈಪೇಸ್‌ಗಳು ಒಗೆಯುವಾಗ ಅಷ್ಟಾಗಿ ಕೆಲಸ ಮಾಡುತ್ತಿರಲಿಲ್ಲ. ಬಟ್ಟೆ ಅರ್ಧ ಒಣಗಿ ನೀರು ಕಮ್ಮಿಯಾದಾಗ ಚುರುಕಾಗುತ್ತಿದ್ದವು, ಅದರ ಫಲ ಮುಂದಿನ ಒಗೆತದಲ್ಲಿ ಕಾಣುತ್ತಿತ್ತು. ಈಗಿನವು ಮೊದಲ ಒಗೆತಕ್ಕೇ ಕೆಲಸ ಮಾಡುವ ಹಾಗೆ ಬದಲಾಯಿಸಿದ್ದಾರೆ. ಆದರೂ ಎಣ್ಣೆ ಕಲೆ ಒಂದೇ ಸಲಕ್ಕೆ ಹೋಗಲಿಲ್ಲ ಅಂದರೆ ಬೇಜಾರಾಗಬೇಡಿ, ಇನ್ನೊಂದು ಸಲ ಹಾಕಿ.

ಗಂಜಿ ಹಾಕುವ ಹತ್ತಿ ಸೀರೆ, ಪಂಚೆ ಇದ್ದವರು ಗಮನಿಸಿ. ಅಮೈಲೇಸ್ ಆ ಗಂಜಿಯನ್ನೂ ಬಿಡುವುದಿಲ್ಲ, ಪೂರ್ತಿ ತೆಗೆಯುತ್ತದೆ. ನನಗೆ ಇದು ಒಳ್ಳೆಯದೇ ಅನ್ನಿಸಿತು, ಹಳೇ ಗಂಜಿ ಪದರ ಪದರವಾಗಿ ಕೂತು ಬಿಳಿ ಸೀರೆ ಮಾಸಲಾಗುವುದು ನಿಂತಿದೆ. ಪ್ರತಿ ಸಲ ಹೊಸದಾಗಿ ಗಂಜಿ ಹಾಕಬೇಕು, ಅಷ್ಟೇ.

ಈಗ ರೇಷ್ಮೆ. ಇಲ್ಲಿ ಗಟ್ಟಿಯಾಗಿ ಹೇಳಲೇಬೇಕು.

ರೇಷ್ಮೆ ಅಂದರೆ ಪ್ರೋಟೀನು. ಫೈಬ್ರಾಯಿನ್ ಅನ್ನುವ ಪ್ರೋಟೀನು. ಉಣ್ಣೆಯೂ ಪ್ರೋಟೀನೇ, ನಮ್ಮ ಕೂದಲಿನಲ್ಲಿರುವ ಕೆರಾಟಿನ್. ಪ್ರೋಟಿಯೇಸಿಗೆ ಇದು ಮೊಟ್ಟೆಯ ಕಲೆ, ಇದು ಅಜ್ಜಿಯ ಸೀರೆ ಅನ್ನುವ ಭೇದ ಗೊತ್ತಿಲ್ಲ. ಒಂದು ಸಲಕ್ಕೆ ತೂತು ಬೀಳುವುದಿಲ್ಲ, ಅದೇ ಮೋಸ. ಒಗೆಯುತ್ತಾ ಹೋದ ಹಾಗೆ ಹೊಳಪು ಇಳಿಯುತ್ತದೆ, ಮೇಲ್ಮೈ ಒರಟಾಗುತ್ತದೆ, ನೂಲು ಬಲ ಕಳೆದುಕೊಳ್ಳುತ್ತದೆ, ಒಂದು ದಿನ ಮಡಿಕೆಯ ಜಾಗದಲ್ಲಿ ಸೀರೆ ಸೀಳುತ್ತದೆ. ನಮ್ಮ ರಾಜ್ಯದಲ್ಲಿ ರೇಷ್ಮೆ ಇಲ್ಲದ ಮನೆ ಕಮ್ಮಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆ ಎಷ್ಟೋ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬಂದಿರುತ್ತದೆ. ಅದನ್ನು ಇದರಲ್ಲಿ ನೆನೆಸುವ ಯೋಚನೆಯನ್ನೂ ಮಾಡಬೇಡಿ.

ಮೈಸೂರು ಸಿಲ್ಕ್ ಆದರೆ ಎಲ್ಲರೂ ಜಾಗ್ರತೆಯಾಗಿಯೇ ಇರುತ್ತಾರೆ. ನನಗೆ ಭಯ ಇಳಕಲ್ ಸೀರೆಯದ್ದು. ಮೈ ಹತ್ತಿ, ಸೆರಗು ರೇಷ್ಮೆ, ಎರಡನ್ನೂ ನೂಲಿಗೆ ನೂಲು ಕೊಂಡಿ ಹಾಕಿ ಸೇರಿಸಿರುತ್ತಾರೆ. ಹತ್ತಿ ಸೀರೆ ತಾನೇ ಅಂತ ಬಕೆಟ್ಟಿಗೆ ಹಾಕಿದರೆ ಸೆರಗಿಗೆ ಏಟು. ಹತ್ತಿ ಸೀರೆಗೆ ರೇಷ್ಮೆ ಅಂಚು ಇರುವುದು, ರೇಷ್ಮೆ ಕಸೂತಿ ಇರುವುದು, ಶಾಲು, ಸ್ವೆಟರ್, ಮಂಕಿ ಕ್ಯಾಪ್, ಕಂಬಳಿ, ಎಲ್ಲಕ್ಕೂ ಇದೇ ಮಾತು. ಇವಕ್ಕೆ ನಮ್ಮ ಅಂಟವಾಳವೇ ಸರಿ. ಅದರ ನೊರೆ ಸಪೋನಿನ್‌ನದ್ದು, ಕೊಳೆಯನ್ನು ಎತ್ತುತ್ತದೆಯೇ ಹೊರತು ಪ್ರೋಟೀನನ್ನು ಕತ್ತರಿಸುವುದಿಲ್ಲ, ಕ್ಷಾರವೂ ಇಲ್ಲ. ಅಂಗಡಿಯದ್ದೇ ಬೇಕು ಅಂದರೆ ಉಣ್ಣೆ ರೇಷ್ಮೆಗೆ ಅಂತಲೇ ಬರುವ, ಕಿಣ್ವ ಇಲ್ಲದ ಲಿಕ್ವಿಡ್ ಸಿಗುತ್ತದೆ.

ನನ್ನ ಸಿಟ್ಟು ಇರುವುದು ಇಲ್ಲೇ. ಒಂದು ಬಾಟಲಿಯ ಹಿಂದೆ 'ರೇಷ್ಮೆ, ಉಣ್ಣೆಗೆ ಬಳಸಬಾರದು' ಅಂತ ಇತ್ತು, ಸಾಸಿವೆ ಗಾತ್ರದ ಅಕ್ಷರದಲ್ಲಿ, ಅದೂ ಬರೀ ಇಂಗ್ಲಿಷಿನಲ್ಲಿ. ಮುಂದುಗಡೆ ದೊಡ್ಡದಾಗಿ 'ಎಲ್ಲಾ ಬಟ್ಟೆಗೂ'. ಸೂಪರ್‌ಮಾರ್ಕೆಟ್ಟಿನಲ್ಲಿ ಪ್ರಚಾರಕ್ಕೆ ನಿಂತಿದ್ದ ಹುಡುಗಿ ನನ್ನ ಮುಂದೆಯೇ ಒಬ್ಬ ಅಜ್ಜಿಗೆ 'ಸಿಲ್ಕಿಗೂ ಹಾಕಬಹುದು ಆಂಟಿ' ಅಂದಳು. ಅವಳದ್ದೇನೂ ತಪ್ಪಿಲ್ಲ, ಅವಳಿಗೆ ಹೇಳಿಕೊಟ್ಟವರದ್ದು. ಅಜ್ಜಿಗೆ ಬಾಟಲಿ ತಿರುಗಿಸಿ ಆ ಸಾಲು ಓದಿ ಹೇಳಿದೆ. ಇನ್ನೊಂದು ಕಂಪನಿಯ ಗ್ರಾಹಕರ ನಂಬರಿಗೆ ಫೋನ್ ಮಾಡಿ ನಿಮ್ಮದರಲ್ಲಿ ಯಾವ ಯಾವ ಕಿಣ್ವ ಇದೆ ಅಂತ ಕೇಳಿದರೆ 'ಅಡ್ವಾನ್ಸ್ಡ್ ಫಾರ್ಮುಲಾ ಮೇಡಂ' ಅನ್ನುವುದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಯುರೋಪಿನ ನಿಯಮದಲ್ಲಿ ಕಿಣ್ವ ಎಷ್ಟೇ ಕಮ್ಮಿ ಇರಲಿ, ಇದೆ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಇಲ್ಲಿಯೂ ಹೆಸರು ಹೆಸರಾಗಿ, ಕನ್ನಡದಲ್ಲೂ ಬರೆಯಲಿ. ಜನರಿಗೆ ಅರ್ಥವಾಗುವುದಿಲ್ಲ ಅನ್ನುವ ನೆಪ ಬೇಡ.

ಇದೇನೂ ನಿನ್ನೆ ಮೊನ್ನೆ ಬಂದ ತಂತ್ರಜ್ಞಾನ ಅಲ್ಲ. ಜರ್ಮನಿಯ ಓಟ್ಟೋ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಟ್ಟೆ ಒಗೆಯಲು ಬಳಸುವ ಪೇಟೆಂಟ್ ಪಡೆದರು. 'ಬರ್ನಸ್' ಅಂತ ಅದು ಮಾರುಕಟ್ಟೆಗೂ ಬಂತು. ಅದಕ್ಕೂ ಮೊದಲು ಅವರು ಚರ್ಮ ಹದ ಮಾಡುವುದಕ್ಕೆ ಕಿಣ್ವ ಮಾರುತ್ತಿದ್ದರು, ಅಲ್ಲಿಯವರೆಗೆ ಆ ಕೆಲಸಕ್ಕೆ ನಾಯಿಯ ಹೇಲು ಬಳಸುತ್ತಿದ್ದರಂತೆ. ಪ್ರಾಣಿಯ ಕಿಣ್ವ ಸೋಪಿನ ಕ್ಷಾರವನ್ನು ಅಷ್ಟಾಗಿ ತಡೆಯುತ್ತಿರಲಿಲ್ಲ. 1960ರ ದಶಕದಲ್ಲಿ ಬ್ಯಾಕ್ಟೀರಿಯಾದ ಕಿಣ್ವ ಬಂದ ಮೇಲೆಯೇ ಇದು ಮನೆಮನೆಗೆ ಹೋಯಿತು. 1988ರಲ್ಲಿ ಡೆನ್ಮಾರ್ಕಿನ ನೋವೋ ಕಂಪನಿ ಜೀನ್ ಬದಲಾಯಿಸಿದ ಶಿಲೀಂಧ್ರದಿಂದ ಲೈಪೇಸ್ ತೆಗೆದು 'ಲೈಪೋಲೇಸ್' ಅಂತ ಮಾರಿತು. ಅದೇ ಪರಂಪರೆಯ ನೋವೋಜೈಮ್ಸ್ ಬೆಂಗಳೂರಿನ ವೈಟ್‌ಫೀಲ್ಡಿಗೂ ಬಂದಿದೆ. 2024ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ನೋವೋನೆಸಿಸ್ ಆಯಿತು.

ಕೈಗೆ ಏನಾದರೂ ಆಗುತ್ತದಾ ಅಂತ ಕೇಳುವವರಿಗೆ: 1969ರಲ್ಲಿ ಬ್ರಿಟನ್ನಿನ ಫ್ಲಿಂಡ್ಟ್ ಎಂಬ ವೈದ್ಯರು, ಕಿಣ್ವದ ಪುಡಿ ತಯಾರಿಸುವ ಕಾರ್ಖಾನೆಯ ಕೆಲಸಗಾರರಿಗೆ ಧೂಳು ಉಸಿರಾಡಿ ಆಸ್ತಮಾ ಥರದ ತೊಂದರೆ ಬರುತ್ತಿದೆ ಎಂದು ವರದಿ ಮಾಡಿದರು. ಆಮೇಲೆ ಕಿಣ್ವವನ್ನು ಧೂಳೇಳದ ಹಾಗೆ ಮೇಣದಂಥ ಲೇಪ ಹಾಕಿ ಕಾಳು ಮಾಡುವುದು ಶುರುವಾಯಿತು. ಲಿಕ್ವಿಡ್ಡಿನಲ್ಲಿ ಧೂಳಿನ ಪ್ರಶ್ನೆ ಇಲ್ಲ. ಆದರೂ ದಿನಾ ಕೈಯಲ್ಲೇ ಒಗೆಯುವವರು, ಕೈ ಒಡೆದಿರುವವರು ಗ್ಲೌಸ್ ಹಾಕಿಕೊಳ್ಳಿ. ಮನೆಗೆಲಸಕ್ಕೆ ಬರುವ ಅಕ್ಕನಿಗೂ ಕೊಡಿ.

ಮಷಿನ್ನಿನಲ್ಲಿ ಬಳಸುವವರಿಗೆ ಮುಖ್ಯ ಮಾತು, ಕಿಣ್ವಕ್ಕೆ ಸಮಯ ಬೇಕು. ಹದಿನೈದು ನಿಮಿಷದ ಕ್ವಿಕ್ ವಾಶ್‌ಗೆ ಇದನ್ನು ಹಾಕುವುದು ದುಡ್ಡು ದಂಡ. ನೆನೆಸುವ ಸೆಟ್ಟಿಂಗ್ ಇದ್ದರೆ ಹಾಕಿ, ಇಲ್ಲದಿದ್ದರೆ ಬಕೆಟ್ಟಿನಲ್ಲಿ ನೆನೆಸಿ ಆಮೇಲೆ ಮಷಿನ್ನಿಗೆ ಹಾಕಿ. ನೀರು 30ರಿಂದ 40 ಡಿಗ್ರಿ ಇದ್ದರೆ ಚೆನ್ನ. ರಾಯಚೂರು, ಕಲಬುರಗಿಯವರಿಗೆ ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರೇ ಅಷ್ಟು ಬಿಸಿ ಇರುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಒಂದು ಚೊಂಬು ಬಿಸಿನೀರು ಬೆರೆಸಿಕೊಳ್ಳಿ. ಕುದಿಯುವ ನೀರು ಹಾಕಿದರೆ ಕಿಣ್ವ ಬೆಂದು ಸತ್ತೇ ಹೋಗುತ್ತದೆ. ಬೋರ್ ನೀರಾದರೆ ಸ್ವಲ್ಪ ಜಾಸ್ತಿ ಹಾಕಬೇಕು, ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಭಾಗವನ್ನು ಕಟ್ಟಿಹಾಕುತ್ತದೆ. ವಿಚಿತ್ರ ಅಂದರೆ ಸಬ್ಟಿಲಿಸಿನ್ ತನ್ನ ಆಕಾರ ಉಳಿಸಿಕೊಳ್ಳುವುದಕ್ಕೆ ಅದೇ ಕ್ಯಾಲ್ಸಿಯಂ ಬೇಕು.

ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಪ್ರೋಟಿಯೇಸೂ ಉಳಿದ ಕಿಣ್ವಗಳೂ ಒಂದೇ ಬಾಟಲಿಯಲ್ಲಿವೆ, ಉಳಿದವೂ ಪ್ರೋಟೀನುಗಳೇ. ಸುಮ್ಮನೆ ಬಿಟ್ಟರೆ ಅದು ಲೈಪೇಸನ್ನೂ ತಿನ್ನುತ್ತದೆ, ಅಮೈಲೇಸನ್ನೂ ತಿನ್ನುತ್ತದೆ. ಅದಕ್ಕೆ ಬೋರಾನ್ ಇರುವ ಒಂದು ವಸ್ತು ಹಾಕಿ ಪ್ರೋಟಿಯೇಸಿನ ಬಾಯಿ ಕಟ್ಟಿರುತ್ತಾರೆ. ಬಕೆಟ್ಟಿನ ನೀರಿಗೆ ಬಿದ್ದು ತೆಳುವಾದ ಕೂಡಲೇ ಆ ಕಟ್ಟು ಬಿಚ್ಚುತ್ತದೆ. ಇದನ್ನು ಓದಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು, ಎಷ್ಟು ಜಾಣತನದ ಕೆಲಸ ಇದು. ಆದರೆ ಆ ಕಟ್ಟು ಶಾಶ್ವತವಲ್ಲ, ಸೆಕೆಯಲ್ಲಿ ಕಿಣ್ವದ ಬಲ ಕುಂದುತ್ತಾ ಹೋಗುತ್ತದೆ. ಆಫರಿನಲ್ಲಿದೆ ಅಂತ ಐದು ಲೀಟರ್ ಕ್ಯಾನ್ ತಂದು ಬಾಲ್ಕನಿಯ ಬಿಸಿಲಿನಲ್ಲಿ ಇಡಬೇಡಿ. ಲಿಕ್ವಿಡ್ಡಿಗೆ ಮೊದಲೇ ನೀರು ಬೆರೆಸಿ ಇಡುವುದೂ ಬೇಡ. ಒಂದು ಲೀಟರ್ ತನ್ನಿ, ನೆರಳಿನಲ್ಲಿಡಿ, ಮುಗಿದ ಮೇಲೆ ರೀಫಿಲ್ ಪೌಚ್ ತನ್ನಿ.

ಬಾಟಲಿಯಲ್ಲಿ ಕಿಣ್ವ ನಿಜವಾಗಿ ಇದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದರೆ, ಬೇಯಿಸಿದ ಮೊಟ್ಟೆಯ ಬಿಳಿಭಾಗದ ಎರಡು ಸಣ್ಣ ಚೌಕ ತುಂಡು ಮಾಡಿ. ಎರಡು ಲೋಟ ಉಗುರುಬೆಚ್ಚಗಿನ ನೀರು, ಒಂದಕ್ಕೆ ಈ ಲಿಕ್ವಿಡ್, ಇನ್ನೊಂದಕ್ಕೆ ಕಿಣ್ವ ಇಲ್ಲದ್ದು. ರಾತ್ರಿಯಿಡೀ ಬೆಚ್ಚಗಿನ ಜಾಗದಲ್ಲಿಡಿ. ಕಿಣ್ವ ಇರುವ ಲೋಟದ ತುಂಡಿನ ಮೂಲೆಗಳು ಸವೆದು ಮೇಲ್ಮೈ ಒರಟಾಗಿರಬೇಕು, ಇನ್ನೊಂದರದ್ದು ಕತ್ತರಿಸಿದ ಹಾಗೇ ಇರಬೇಕು. ಎರಡೂ ಒಂದೇ ಥರ ಇದ್ದರೆ ಬಿಲ್ ಹುಡುಕಿ, ಬಾಟಲಿಯನ್ನು ಅಂಗಡಿಗೆ ವಾಪಸ್ ಕೊಂಡುಹೋಗಿ ಕೇಳಿ.